ಅಪ್‌ಡೇಟ್: 450 ವ್ಯಾಟ್ ಬದಲಿಗೆ 650
ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಆಟದ ನಡುವೆ ಕಂಪ್ಯೂಟರ್ ದಿಢೀರನೆ ಆರಿಹೋಗುತ್ತಿದೆ, ಹಳೆಯ 450 ವ್ಯಾಟ್ ಪವರ್ ಸಪ್ಲೈ ಸಾಲದೇ ಎಂದು ಕೇಳಿದ್ದೆ. ನೀವು ಹೇಳಿದಂತೆ 650 ವ್ಯಾಟ್‌ನದನ್ನು ಹಾಕಿದೆ. ಆ ಕಾಟ ತಪ್ಪಿತು. ಕಾರ್ಡಿನ ಲೆಕ್ಕ 200 ವ್ಯಾಟ್ ಎಂದಿದ್ದರೂ ಕ್ಷಣಮಾತ್ರಕ್ಕೆ ಅದು ಎಳೆಯುವುದು ಇನ್ನೂ ಹೆಚ್ಚು.

ಅಂದವಾಗಿ ಕಟ್ಟಿದ್ದ, ಹಳೆಯ ಪವರ್ ಸಪ್ಲೈಯ ಮಾಡ್ಯುಲರ್ (ಬಿಚ್ಚಿ ಜೋಡಿಸಬಹುದಾದ) ಕೇಬಲ್‌ಗಳನ್ನೇ ಉಳಿಸಿಕೊಳ್ಳುವ ಆಸೆಯಿತ್ತು. ಬೇಡವೆಂದು ತಡೆದವರಿಗೆ ದೊಡ್ಡ ನಮಸ್ಕಾರ. ಪ್ಲಗ್ ಸಲೀಸಾಗಿ ಕೂರುತ್ತದೆ, ಆದರೆ ಪವರ್ ಸಪ್ಲೈ ಕಡೆಯ ಪಿನ್‌ಗಳ ಜೋಡಣೆ ಎಲ್ಲದರಲ್ಲೂ ಒಂದೇ ಅಲ್ಲ. 5 ವೋಲ್ಟ್ ಬೇಕಾದ ಕಡೆ 12 ಹರಿದರೆ ಹಾರ್ಡ್ ಡಿಸ್ಕ್‌ನ ಕಥೆ ಮುಗಿಯಿತು! ಎಲ್ಲವನ್ನೂ ಬಿಚ್ಚಿ ಹೊಸದರ ಕೇಬಲ್‌ಗಳನ್ನೇ ಎಳೆದೆ.

ಅಂದಹಾಗೆ, ಪವರ್ ಸಪ್ಲೈ ಮೇಲಿನ 80 ಪ್ಲಸ್ ಗೋಲ್ಡ್ ಎಂಬ ಮುದ್ರೆ ಹೇಳುವುದು ದಕ್ಷತೆಯನ್ನು ಮಾತ್ರ, ಗುಣಮಟ್ಟವನ್ನಲ್ಲ. ನಾನು ವಾರಂಟಿಯನ್ನೂ ನೋಡಿ ಆರಿಸಿದೆ.