ಗೇಮ್ ಕಲೆಕ್ಷನ್ ಲೆಕ್ಕ ಇಡೋಕೆ ಮನೇಲೇ ಓಡಿಸೋ ಸಾಫ್ಟ್‌ವೇರ್ ಯಾವ್ದಿದೆ?

ಕಾಫಿಕಣ:
ಮಡಿಕೇರಿ ಹತ್ರ ತೋಟದ ಮನೆ ನಮ್ದು. ಪಿಎಸ್2 ಕಾಲದಿಂದ ಸೇರಿಸಿದ ಡಿಸ್ಕು, ಸ್ವಿಚ್ ಕಾರ್ಟ್ರಿಡ್ಜು, ಸ್ಟೀಮ್ ಸೇಲಲ್ಲಿ ತಗೊಂಡಿದ್ದು ಎಲ್ಲ ಸೇರಿ 240 ದಾಟಿದೆ. ಎಕ್ಸೆಲ್‌ನಲ್ಲಿ ಬರ್ದಿಡ್ತಿದ್ದೆ, ಆದ್ರೆ ಹೋದ್ಸಲ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಮನೇಲಿರೋ ಡಿಸ್ಕನ್ನೇ ಮತ್ತೆ ದುಡ್ಡು ಕೊಟ್ಟು ತಂದೆ, ಹೆಂಡ್ತಿ ಇವತ್ತಿಗೂ ಆಡ್ಕೊಂಡು ನಗ್ತಾಳೆ. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಇದೆ, ಸಾಫ್ಟ್‌ವೇರ್‌ನ ಡಬ್ಬಿ ಥರ ಓಡಿಸೋ ಡಾಕರ್ ಸ್ವಲ್ಪ ಗೊತ್ತು. ಓಪನ್ ಸೋರ್ಸೇ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಕಥೆ ಗೊತ್ತಲ್ಲ, ಅದನ್ನೂ ತಲೇಲಿಟ್ಕೊಂಡು ಹೇಳಿ.

ಗೋಣಿಕೊಪ್ಪದವ:
ರೋಮ್ (RomM) ಅಂತ ಒಂದಿದೆ ನೋಡಿ, ಚೆನ್ನಾಗ್ ಕಾಣ್ಸುತ್ತೆ, ಪೋಸ್ಟರೆಲ್ಲ ಬರುತ್ತೆ.

ಪೈಪುರಾಣ:
ಅದು ರಾಮ್ (ROM) ಫೈಲ್, ಅಂದ್ರೆ ಗೇಮ್‌ನ ಕಾಪಿ ಫೈಲ್ ಕಂಪ್ಯೂಟರಲ್ಲಿ ಇಟ್ಕೊಂಡಿರೋರಿಗೆ ಮಾರಾಯ್ರೆ, ಕಪಾಟಲ್ಲಿರೋ ಡಿಸ್ಕ್ ಎಣಿಸೋಕಲ್ಲ. ಯಾಮ್‌ಟ್ರ್ಯಾಕ್ ಹಾಕಿ. ಸಿನಿಮಾ, ಪುಸ್ತಕ, ಗೇಮ್ ಎಲ್ಲ ಒಂದ್ರಲ್ಲೇ, ಸುಮ್ನೆ ಬಿಟ್ರೆ ಎಸ್‌ಕ್ಯುಎಲ್‌ಲೈಟ್ ಅನ್ನೋ ಒಂದೇ ಫೈಲಿನ ಡೇಟಾಬೇಸಲ್ಲೇ ಓಡುತ್ತೆ, ಜೊತೆಗೆ ತಾತ್ಕಾಲಿಕ ಡೇಟಾ ಇಡೋ ರೆಡಿಸ್ ಒಂದು ಬೇಕು, ಪೈಗೆ ಭಾರ ಏನಾಗಲ್ಲ. ಗೇಮ್ ಹೆಸ್ರು, ಕವರ್ ಐಜಿಡಿಬಿ ಅನ್ನೋ ಆನ್‌ಲೈನ್ ಗೇಮ್ ಡೇಟಾಬೇಸಿಂದ ಬರುತ್ತೆ. ಐಜಿಡಿಬಿ 2019ರಿಂದ ಗೇಮ್ ಲೈವ್ ತೋರ್ಸೋ ಟ್ವಿಚ್‌ದು, ಅದಕ್ಕೆ ಟ್ವಿಚ್ ಡೆವಲಪರ್ ಅಕೌಂಟ್ ಮಾಡಿ ಕ್ಲೈಂಟ್ ಐಡಿ, ಸೀಕ್ರೆಟ್ ತಗೊಂಡು ಇಟ್ಕೊಂಡಿರಿ, ಫ್ರೀ. ಸೆಕೆಂಡಿಗೆ 4 ರಿಕ್ವೆಸ್ಟ್ ಲಿಮಿಟ್ ಇದೆ, ನಮ್ಮಂಥೋರಿಗೆ ಅದು ಧಾರಾಳ ಆಯ್ತು.

ಕರೆಂಟ್ ವಿಷ್ಯಕ್ಕೆ ಬಂದ್ರೆ, ಎಸ್‌ಡಿ ಕಾರ್ಡ್ ಮೇಲೆ ಡೇಟಾಬೇಸ್ ಇಡ್ಲೇಬೇಡಿ. ಕಕ್ಕಡ ತಿಂಗಳಲ್ಲಿ ಒಂದೇ ರಾತ್ರಿ ಏಳೆಂಟು ಸಲ ಕರೆಂಟ್ ಹೋಗಿ ಬಂದು ನನ್ನ ಕಾರ್ಡ್ ಸತ್ತೇ ಹೋಯ್ತು, ಎರಡು ವರ್ಷದ ಲಿಸ್ಟ್ ಅದ್ರ ಜೊತೆ. ಈಗ ಯುಎಸ್‌ಬಿ ಎಸ್‌ಎಸ್‌ಡಿ, ಮತ್ತೆ ಮೋಡೆಮ್‌ಗೆ ಹಾಕ್ತಾರಲ್ಲ ಆ ಸಣ್ಣ ಯುಪಿಎಸ್, ಆದ್ರೆ ಪೈಗೆ 5 ವೋಲ್ಟ್ 3 ಆಂಪಿಯರ್ ಕೊಡೋ ಥರದ್ದೇ ನೋಡಿ ತಗೊಳ್ಳಿ. ಬ್ಯಾಕಪ್ ತಗೊಳ್ಳೋವಾಗ ಓಡ್ತಿರೋ ಫೈಲನ್ನ ಹಾಗೇ ಕಾಪಿ ಹೊಡೀಬೇಡಿ, ಎಸ್‌ಕ್ಯುಎಲ್‌ಲೈಟ್‌ದೇ ಬ್ಯಾಕಪ್ ಕಮಾಂಡ್ ಇದೆ.

ಸೋಮವಾರಪೇಟೆ_ಮಳೆ:
ಡಿಸ್ಕ್ ಯಾರಿಗೆ ಕೊಟ್ಟೆ ಅನ್ನೋದೂ ಬೇಕಂದ್ರೆ ಕೊಯಿಲೆಕ್ಷನ್ ನೋಡಿ ಅಣ್ಣ. ಅದ್ರಲ್ಲಿ ಎರವಲು ಕೊಟ್ಟಿದ್ದಕ್ಕೇ ಜಾಗ ಇದೆ, ಬಾಕ್ಸ್ ಇದ್ಯಾ, ಮ್ಯಾನುಯಲ್ ಇದ್ಯಾ ಅಂತ ನಮಗೆ ಬೇಕಾದ ಕಾಲಮ್ ನಾವೇ ಮಾಡ್ಕೋಬಹುದು. ನಾನು ‘ಬೂಷ್ಟು ಬಂದಿದ್ಯಾ’ ಅಂತಾನೂ ಒಂದು ಮಾಡಿದೀನಿ, ನಮ್ಮೂರಿಗೆ ಅದು ಬೇಕೇ ಬೇಕು. ಆದ್ರೆ ಐಜಿಡಿಬಿ ಥರ ವಿವರ ತಾನಾಗೇ ತುಂಬ್ಕೊಳ್ಳಲ್ಲ, ಕೈ ನೋಯುತ್ತೆ.

ಕಾಫಿಕಣ:
ಎರಡೂ ಹಾಕ್ದೆ. ಯಾಮ್‌ಟ್ರ್ಯಾಕ್ ಆಡಿ ಮುಗಿಸಿದ್ದಕ್ಕೆ ಚೆನ್ನಾಗಿದೆ, ಕಪಾಟಿಗೆ ಕೊಯಿಲೆಕ್ಷನ್ನೇ ಸರಿ. ನಮ್ಮ ಫೋನು, ಪೈ ಎಲ್ಲ ಖಾಸಗಿಯಾಗಿ ಜೋಡ್ಸೋ ಟೈಲ್‌ಸ್ಕೇಲ್ ಹಾಕಿದ್ರಿಂದ ರೌಟರಲ್ಲಿ ಪೋರ್ಟ್ ತೆರೆಯೋ ರಗಳೆ ಇಲ್ದೆ ಎಲ್ಲಿಂದಾದ್ರೂ ಫೋನಲ್ಲೇ ಲಿಸ್ಟ್ ನೋಡ್ಬಹುದು, ಮನೇಲಿ ಕರೆಂಟ್ ಇದ್ರೆ. ಎಂಟ್ರಿ ಮಾಡ್ತಾ ಮಾಡ್ತಾ 11 ಖಾಲಿ ಬಾಕ್ಸ್ ಸಿಕ್ತು, ಹುತ್ತರಿಗೆ ಬಂದಿದ್ದ ವಿರಾಜಪೇಟೆ ಭಾವನ ಹೆಸ್ರಿಗೆ ಬರ್ದು ಸ್ಕ್ರೀನ್‌ಶಾಟ್ ಕಳ್ಸಿದೀನಿ, ಬ್ಲೂ ಟಿಕ್ ಬಂತು, ಉತ್ರ ಇನ್ನೂ ಇಲ್ಲ.