ಜಾನಿ ಕ್ಯಾಶ್ ‘ಐ ವಾಕ್ ದ ಲೈನ್’: ಬೂಮ್-ಚಿಕ್ ಸರಿ ಬರ್ತಿಲ್ಲ, ಎರಡನೇ ಚರಣಕ್ಕೆ ಕೈ ತಪ್ಪುತ್ತೆ

ತಂತಿತರಲೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಸ್ಟೀಲ್ ತಂತಿಯ ಸಾದಾ ಅಕೂಸ್ಟಿಕ್ ಗಿಟಾರ್. ಓಪನ್ ಕಾರ್ಡ್‌ಗಳು ಬರುತ್ತವೆ, ನಾಲ್ಕು ಕಾರ್ಡ್‌ನಲ್ಲಿ ಮುಗಿಯುವ ಸಿನಿಮಾ ಹಾಡುಗಳನ್ನು ಹಾಡಿಕೊಂಡೇ ನುಡಿಸುತ್ತೇನೆ. ಈಗ ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರ ‘ಐ ವಾಕ್ ದ ಲೈನ್’ ಹಿಡಿದಿದ್ದೇನೆ. 1956ರ ಸನ್ ಸ್ಟುಡಿಯೋ ರೆಕಾರ್ಡಿಂಗ್ ಇದೆಯಲ್ಲ, ಅದೇ. ಕೇಳುವಾಗ ಇಷ್ಟು ಸುಲಭದ ಹಾಡು ಇನ್ನೊಂದಿಲ್ಲ ಅನ್ನಿಸುತ್ತದೆ. ನುಡಿಸಲು ಕೂತರೆ ಒಂದೂ ಸರಿ ಬರುತ್ತಿಲ್ಲ.

ಬೂಮ್-ಚಿಕ್ ಅಂತ (ಒಮ್ಮೆ ದಪ್ಪ ಸದ್ದು, ಒಮ್ಮೆ ಸಣ್ಣ ಸದ್ದು) ಸ್ಟ್ರಮ್ ಮಾಡಿದರೆ ಬರೀ ಚಿಕ್-ಚಿಕ್ ಕೇಳುತ್ತದೆ, ಬೂಮ್ ಮಾಯ. ಬಿ7ನಿಂದ ಇ ಕಾರ್ಡ್‌ಗೆ ಬರುವಷ್ಟರಲ್ಲಿ ಒಂದು ಬೀಟ್ ಹೋಗಿರುತ್ತದೆ. ಇಷ್ಟನ್ನು ಹೇಗೋ ಸಂಭಾಳಿಸಿದರೂ ಎರಡನೇ ಚರಣದಲ್ಲಿ ಶ್ರುತಿಯೇ ಬದಲಾಗಿಬಿಡುತ್ತದೆ. ಅಲ್ಲಿಂದ ಮುಂದೆ ನಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ. ಇನ್ನೊಂದು, ಹಾಡಿನಲ್ಲಿ ಡ್ರಮ್ ಥರ ಒಂದು ಕರಕರ ಸದ್ದು ಬರುತ್ತದಲ್ಲ, ಅದು ಬ್ರಷ್‌ನಿಂದ ನುಡಿಸಿದ ಸ್ನೇರ್ ಡ್ರಮ್ಮಾ? ಅದಿಲ್ಲದೆ ನನ್ನ ಗಿಟಾರ್ ಸಪ್ಪೆ ಅನ್ನಿಸುತ್ತಿದೆ.

ಬಾಸ್‌ಭಟ್ಟ:

ಸ್ವಾಗತ. ಪರಿಹಾರ ಹೇಳುವ ಮೊದಲು ಸ್ವಲ್ಪ ವಿಚಾರಿಸಿಕೊಳ್ಳುತ್ತೇನೆ. ಬೂಮ್ ಅನ್ನುವಾಗ ಎಷ್ಟು ತಂತಿ ಮುಟ್ಟುತ್ತೀರಿ? ಯಾವ ಪಿಕ್? ಬಿ7 ಹಿಡಿಯುವಾಗ ಯಾವ ಬೆರಳು ಎಲ್ಲಿರುತ್ತದೆ? ರೆಕಾರ್ಡಿಂಗ್ ಹಾಕಿಕೊಂಡು ಜೊತೆಗೆ ನುಡಿಸುತ್ತೀರಾ, ಅಥವಾ ಒಬ್ಬರೇ ನುಡಿಸುತ್ತೀರಾ?

ತಂತಿತರಲೆ:

ಬೂಮ್‌ಗೆ ಮೇಲಿನ ಮೂರು ದಪ್ಪ ತಂತಿ, ಚಿಕ್‌ಗೆ ಆರೂ ತಂತಿ. ಪಿಕ್ ತೆಳು, ಅಂಗಡಿಯವರು ಗಿಟಾರ್ ಜೊತೆ ಕೊಟ್ಟಿದ್ದು. ಬಿ7 ಪುಸ್ತಕದಲ್ಲಿರುವ ಹಾಗೇ ಹಿಡಿಯುತ್ತೇನೆ, ಆದರೆ ಇ ಕಾರ್ಡ್‌ಗೆ ಹೋಗುವಾಗ ಎಲ್ಲ ಬೆರಳೂ ಎತ್ತಿ ಮತ್ತೆ ಇಡುತ್ತೇನೆ. ರೆಕಾರ್ಡಿಂಗ್ ಜೊತೆಗೆ ನುಡಿಸಿದರೆ ಗಿಟಾರ್ ಸ್ವಲ್ಪ ತಗ್ಗಿದಂತೆ ಕೇಳುತ್ತದೆ. ಟ್ಯೂನರ್ ಮಾತ್ರ ಸರಿಯಾಗಿದೆ ಅನ್ನುತ್ತದೆ.

ಬಾಸ್‌ಭಟ್ಟ:

ಸರಿ, ರೋಗ ಸಿಕ್ಕಿತು. ಕೊನೆಯದನ್ನು ಮೊದಲು ಮುಗಿಸೋಣ. ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿ, ಇ ಕಾರ್ಡ್ ಹಿಡಿದು ರೆಕಾರ್ಡಿಂಗ್ ಜೊತೆ ನುಡಿಸಿ ನೋಡಿ. ರೆಕಾರ್ಡಿಂಗ್‌ನ ಶ್ರುತಿಯೇ ಸ್ವಲ್ಪ ಮೇಲಿದೆ, ಗಿಟಾರ್ ಕೆಟ್ಟಿಲ್ಲ, ಟ್ಯೂನರ್ ಕೂಡ ಕೆಟ್ಟಿಲ್ಲ.

ಇನ್ನು ಬಲಗೈ. ಬೂಮ್ ಅಂದರೆ ಒಂದೇ ಒಂದು ತಂತಿ. ಮೂರು ತಂತಿ ಮುಟ್ಟಿದರೆ ಅದು ಇನ್ನೊಂದು ಸ್ಟ್ರಮ್ ಅಷ್ಟೇ, ಹಾಗಾಗಿಯೇ ಬೂಮ್ ಮಾಯವಾಗುತ್ತಿದೆ. ಚಿಕ್‌ಗೂ ಆರು ತಂತಿ ಬೇಡ. ಕೆಳಗಿನ ಮೂರು ಸಣ್ಣ ತಂತಿ ಸಾಕು, ಅದೂ ಚಿಕ್ಕದಾಗಿ, ಹೊಡೆದ ಕೂಡಲೇ ಎಡಗೈ ಬೆರಳು ಸ್ವಲ್ಪ ಸಡಿಲ ಮಾಡಿ ಸದ್ದು ಕತ್ತರಿಸಿ. ಇದರ ಜೊತೆಗೆ ಬಲಗೈ ಅಂಗೈಯ ಬುಡವನ್ನು ಬ್ರಿಜ್ ಹತ್ತಿರ ದಪ್ಪ ತಂತಿಗಳ ಮೇಲೆ ಹಗುರವಾಗಿ ಒರಗಿಸಿ. ‘ಡುಂ’ ಅನ್ನುವ ಮೊಂಡು ಸದ್ದು ಬರಬೇಕು. ರೆಕಾರ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ ಲೂಥರ್ ಪರ್ಕಿನ್ಸ್ ತಮ್ಮ ಫೆಂಡರ್ ಎಸ್ಕ್ವೈರ್ ಮೇಲೆ ಮಾಡುತ್ತಿದ್ದದ್ದೂ ಇದನ್ನೇ. ಅವರ ಕೈಯಲ್ಲಿ ವೇಗದ ಆಟ ಏನೂ ಇಲ್ಲ. ಆದರೆ ಒಂದೊಂದು ಸ್ವರವೂ ಮೊಳೆ ಹೊಡೆದ ಹಾಗೆ ಜಾಗಕ್ಕೆ ಬೀಳುತ್ತದೆ.

ಯಾವ ಕಾರ್ಡ್‌ಗೆ ಯಾವ ಬೂಮ್? ಇ ಕಾರ್ಡ್‌ಗೆ ಆರನೇ ತಂತಿ (ಎಲ್ಲಕ್ಕಿಂತ ದಪ್ಪದ್ದು) ಖಾಲಿ, ಅಂದರೆ ಬೆರಳಿಡದೆ, ಮುಂದಿನ ಬೂಮ್‌ಗೆ ಐದನೇ ತಂತಿಯ ಎರಡನೇ ಫ್ರೆಟ್. ಎ ಕಾರ್ಡ್‌ಗೆ ಐದನೇ ತಂತಿ ಖಾಲಿ, ಆಮೇಲೆ ಆರನೇ ತಂತಿ ಖಾಲಿ. ಡಿ ಕಾರ್ಡ್‌ಗೆ ನಾಲ್ಕನೇ ತಂತಿ ಖಾಲಿ, ಆಮೇಲೆ ಐದನೇದು ಖಾಲಿ. ಜಿ ಕಾರ್ಡ್‌ಗೆ ಆರನೇ ತಂತಿಯ ಮೂರನೇ ಫ್ರೆಟ್, ಆಮೇಲೆ ನಾಲ್ಕನೇದು ಖಾಲಿ. ಬಿ7 ಒಂದೇ ಸ್ವಲ್ಪ ತಂಟೆ. ಐದನೇ ತಂತಿಯ ಎರಡನೇ ಫ್ರೆಟ್ ಮೇಲಿರುವ ಮಧ್ಯದ ಬೆರಳನ್ನು ಆರನೇ ತಂತಿಯ ಎರಡನೇ ಫ್ರೆಟ್‌ಗೆ ಎತ್ತಿ ಇಟ್ಟು ವಾಪಸ್ ತರಬೇಕು. ಸದ್ಯಕ್ಕೆ ಅದನ್ನು ಬಿಡಿ, ಬಿ7ಗೆ ಐದನೇ ತಂತಿಯನ್ನೇ ಎರಡು ಸಲ ನುಡಿಸಿ. ಯಾರೂ ಕೇಳುವುದಿಲ್ಲ.

ಬಿ7ನಿಂದ ಇಗೆ ಬರುವಾಗ ಎಲ್ಲ ಬೆರಳು ಎತ್ತುತ್ತೇನೆ ಅಂದಿರಲ್ಲ, ಕಳೆದುಹೋಗುವ ಬೀಟ್ ಅಲ್ಲೇ ಇದೆ. ಎರಡೂ ಕಾರ್ಡ್ ಹಿಡಿದು ನೋಡಿ. ಮಧ್ಯದ ಬೆರಳು ಎರಡರಲ್ಲೂ ಐದನೇ ತಂತಿಯ ಎರಡನೇ ಫ್ರೆಟ್ ಮೇಲೇ ಇರುತ್ತದೆ. ಅದನ್ನು ಅಂಟಿಸಿಬಿಡಿ. ಕಿರುಬೆರಳು ಏಳಲಿ, ಉಂಗುರ ಬೆರಳು ಮೂರನೇ ತಂತಿಯಿಂದ ನಾಲ್ಕನೇದಕ್ಕೆ, ತೋರುಬೆರಳು ನಾಲ್ಕನೇದರಿಂದ ಮೂರನೇದಕ್ಕೆ. ಅಂದರೆ ಆ ಎರಡು ಬೆರಳು ಜಾಗ ಅದಲುಬದಲು ಮಾಡಿಕೊಳ್ಳುತ್ತವೆ, ಅಷ್ಟೇ. ಸ್ಟ್ರಮ್ ಬೇಡ, ಹಾಡು ಬೇಡ, ಟಿವಿ ನೋಡುತ್ತಾ ಇದೊಂದನ್ನೇ ಮಾಡಿ. ಆಮೇಲೆ ಮೆಟ್ರೊನೋಮ್ 60ಕ್ಕೆ ಇಟ್ಟು, ಒಂದು ಟಿಕ್‌ಗೆ ಒಂದು ಬೂಮ್, ಮುಂದಿನ ಟಿಕ್‌ಗೆ ಚಿಕ್.

ಪಿಕ್ ಮಾತ್ರ ಇವತ್ತೇ ಬದಲಾಯಿಸಿ. ತೆಳು ಪಿಕ್ ಬಗ್ಗುತ್ತದೆ, ಒಂದೇ ತಂತಿ ಹೊಡೆಯಲು ಆಗುವುದಿಲ್ಲ. ಮೀಡಿಯಂ ತಗೊಳ್ಳಿ.

ಕೇಳುಗ_ಕಾರ್ಕಳ:

ಡ್ರಮ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ ಮಾರಾಯ್ರೆ, ಅದೇ ಮಜಾ ಇರುವುದು. ಆ ರೆಕಾರ್ಡಿನಲ್ಲಿ ಡ್ರಮ್ ಇಲ್ಲವೇ ಇಲ್ಲ. ಇದ್ದದ್ದು ಮೂರೇ ಜನ. ಕ್ಯಾಶ್, ಲೂಥರ್ ಪರ್ಕಿನ್ಸ್, ಬಾಸ್‌ಗೆ ಮಾರ್ಷಲ್ ಗ್ರಾಂಟ್. ಆಗಿನ ಕಂಟ್ರಿ ಸಂಗೀತದಲ್ಲಿ ಡ್ರಮ್ ಬಳಸುವ ರೂಢಿ ಇರಲಿಲ್ಲ. ಕ್ಯಾಶ್‌ಗೆ ಸ್ನೇರ್ ಸದ್ದು ಇಷ್ಟ. ಗಿಟಾರ್ ತಂತಿಗಳ ಮಧ್ಯೆ ಕಾಗದದ ತುಂಡು ಸಿಕ್ಕಿಸಿ ಸ್ಟ್ರಮ್ ಮಾಡಿದರು. ನೀವು ಹೇಳುವ ಕರಕರ ಅದೇ! ಅವರ ತಂಡಕ್ಕೆ ಡ್ರಮ್ಮರ್ ಬಂದದ್ದು ಆಮೇಲೆ, 1960ರಲ್ಲಿ.

ನೀವೂ ಮಾಡಬಹುದು. ನೋಟ್‌ಬುಕ್ ಹಾಳೆಯನ್ನು ಎರಡು ಬೆರಳಗಲದ ಪಟ್ಟಿ ಆಗುವಂತೆ ಮಡಚಿ. ಒಂದು ತಂತಿಯ ಮೇಲೆ, ಮುಂದಿನದರ ಕೆಳಗೆ, ಹೀಗೆ ಹೆಣೆದುಕೊಂಡು ಹೋಗಿ. ಸೌಂಡ್‌ಹೋಲ್‌ನಿಂದ ಬ್ರಿಜ್ ಕಡೆಗೆ ಇರಲಿ. ಬ್ರಿಜ್‌ಗೆ ಹತ್ತಿರ ಹೋದಷ್ಟೂ ಸ್ವರ ಸ್ಪಷ್ಟ, ದೂರ ಬಂದಷ್ಟೂ ಬರೀ ಟಪ್ ಟಪ್. ರಟ್ಟು ಹಾಕಬೇಡಿ, ಗಿಟಾರ್ ಬಾಯಿ ಕಟ್ಟಿಹೋಗುತ್ತದೆ.

ಇನ್ನೊಂದು ವಿಷಯ. ಕ್ಯಾಶ್ ಇದನ್ನು ನಿಧಾನದ ಹಾಡು ಅಂತಲೇ ಬರೆದಿದ್ದರು. ವೇಗ ಬೇಕು ಅಂದವರು ಸನ್ ರೆಕಾರ್ಡ್ಸ್‌ನ ಸ್ಯಾಮ್ ಫಿಲಿಪ್ಸ್. ಆ ವೇಗದ್ದೇ ಕ್ಯಾಶ್ ಅವರ ಮೊದಲ ನಂಬರ್ ಒನ್ ಕಂಟ್ರಿ ಹಾಡಾಯಿತು. ಆದ್ದರಿಂದ ನೀವು ನಿಧಾನಕ್ಕೆ ನುಡಿಸಿದರೆ ಅವಮಾನ ಏನಿಲ್ಲ, ಮೂಲ ಉದ್ದೇಶಕ್ಕೇ ಹತ್ತಿರ ಇದ್ದೀರಿ!

ಸುಮ್ನೆ_ಸ್ಟ್ರಮ್:

ಗುರು, ಇಷ್ಟೆಲ್ಲ ಯಾಕೆ? ಶ್ರುತಿ ಬದಲಾಯಿಸೋದೇ ಬೇಡ. ಐದೂ ಚರಣ ಇ ಶ್ರುತಿಯಲ್ಲೇ ಹಾಡಿಬಿಡಿ. ಇ, ಎ, ಬಿ7, ಮೂರೇ ಕಾರ್ಡ್. ಮನೆಯವರಿಗೆ ಗೊತ್ತೂ ಆಗಲ್ಲ.

ಬಾಸ್‌ಭಟ್ಟ:

ಮನೆಯವರಿಗೆ ಗೊತ್ತಾಗಲ್ಲ, ಒಪ್ಪಿದೆ. ಆದರೆ ಈ ಹಾಡಿಗೆ ಪಲ್ಲವಿ ಬೇರೆ ಇಲ್ಲ. ಒಂದೇ ಧಾಟಿಯ ಐದು ಚರಣ, ಪ್ರತಿಯೊಂದರ ಕೊನೆಗೆ ಅದೇ ಸಾಲು. ಶ್ರುತಿ ಬದಲಾಗದಿದ್ದರೆ ಮೂರನೇ ಚರಣಕ್ಕೆ ಕೇಳುವವರು ಎದ್ದು ಕಾಫಿಗೆ ಹೋಗುತ್ತಾರೆ. ಒಂದು ವಾರ ಹಾಗೆ ಅಭ್ಯಾಸ ಮಾಡಲಿ, ಆಮೇಲೆ ಬಿಡಲಿ.

ತಂತಿತರಲೆ:

ಎಲ್ಲರಿಗೂ ಥ್ಯಾಂಕ್ಸ್. ಕ್ಯಾಪೊ ಹಾಕಿದ ಮೇಲೆ ರೆಕಾರ್ಡಿಂಗ್ ಜೊತೆ ಸರಿಯಾಗಿ ಕೂತಿತು. ಮಧ್ಯದ ಬೆರಳು ಎತ್ತದೆ ಬಿ7ನಿಂದ ಇಗೆ ಬರುವುದು ಈಗ ಯೋಚನೆ ಇಲ್ಲದೆ ಬರುತ್ತಿದೆ. ಕಾಗದ ಅಂತೂ ಸೂಪರ್, ಮನೆಯಲ್ಲಿ ಎಲ್ಲರೂ ಬಂದು ನೋಡಿದರು. ಮೊದಲು ಎ4 ಹಾಳೆ ನಾಲ್ಕು ಮಡಿಕೆ ಮಾಡಿ ಹಾಕಿದಾಗ ಏನೂ ಕೇಳಲಿಲ್ಲ. ಒಂದೇ ಮಡಿಕೆಗೆ ಇಳಿಸಿದಾಗ ಸರಿಯಾಯಿತು.

ಶ್ರುತಿ ಬದಲಾವಣೆ ಮಾತ್ರ ಹಾಗೇ ಇದೆ. ಹಾಳೆ ನೋಡಿಕೊಂಡು ಕಾರ್ಡ್ ಬದಲಾಯಿಸುತ್ತೇನೆ. ಆದರೆ ಹಾಡಲು ಬಾಯಿ ತೆರೆದರೆ ಹಳೆಯ ಶ್ರುತಿಯೇ ಬರುತ್ತದೆ. ಚಿಕ್ಕಂದಿನಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಸ್ವಲ್ಪ ಸಂಗೀತ ಕಲಿತಿದ್ದೆ. ಬಹುಶಃ ಅದೇ ಅಡ್ಡ ಬರುತ್ತಿದೆ.

ಮಧ್ಯಮ_ಪಂಚಮ:

ಅಡ್ಡ ಬರುವುದಿಲ್ಲ, ಅದೇ ಕೈ ಹಿಡಿಯುತ್ತದೆ. ಹಾಳೆ ಮುಚ್ಚಿಡಿ, ಸರಿಗಮದಲ್ಲಿ ಹೇಳುತ್ತೇನೆ.

ಐದು ಚರಣಗಳ ಶ್ರುತಿ ಹೀಗೆ: ಇ, ಎ, ಡಿ, ಮತ್ತೆ ಎ, ಮತ್ತೆ ಇ. (ಕ್ಯಾಪೊ ಲೆಕ್ಕ ಬಿಡಿ, ಕೈ ಹಿಡಿಯುವ ಆಕಾರದ ಹೆಸರು ಹೇಳುತ್ತಿದ್ದೇನೆ.) ಎರಡು ಮೆಟ್ಟಿಲು ಹತ್ತಿ ಅದೇ ದಾರಿಯಲ್ಲಿ ವಾಪಸ್. ಪ್ರತಿ ಚರಣದ ಒಳಗೆ ಇರುವುದು ಒಂದೇ ಲೆಕ್ಕ. ಮೊದಲ ಎರಡು ಸಾಲಿಗೆ ಪಂಚಮದ ಕಾರ್ಡ್‌ನಿಂದ ಷಡ್ಜದ ಕಾರ್ಡ್‌ಗೆ. ಮೂರನೇ ಸಾಲಿಗೆ ಮಧ್ಯಮದಿಂದ ಷಡ್ಜಕ್ಕೆ. ನಾಲ್ಕನೇದು ಮತ್ತೆ ಪಂಚಮದಿಂದ ಷಡ್ಜಕ್ಕೆ. ಇ ಶ್ರುತಿಯಲ್ಲಿ ಅದು ಬಿ7-ಇ, ಬಿ7-ಇ, ಎ-ಇ, ಬಿ7-ಇ. ಎ ಶ್ರುತಿಯಲ್ಲಿ ಇ7-ಎ, ಇ7-ಎ, ಡಿ-ಎ, ಇ7-ಎ. ಡಿ ಶ್ರುತಿಯಲ್ಲಿ ಎ7-ಡಿ, ಎ7-ಡಿ, ಜಿ-ಡಿ, ಎ7-ಡಿ. ಗಮನಿಸಿದಿರಾ, ಯಾವ ಚರಣವೂ ಷಡ್ಜದಲ್ಲಿ ಶುರುವಾಗುವುದಿಲ್ಲ. ಹಾಗಾಗಿಯೇ ಹಾಡಲು ಬಾಯಿ ತೆರೆದಾಗ ಹಿಡಿತ ಸಿಗುವುದಿಲ್ಲ.

ಈಗ ದಾಟುವ ಜಾಗ. ಮೊದಲ ಚರಣ ಇ ಕಾರ್ಡ್‌ನಲ್ಲಿ ಮುಗಿಯಿತು. ಆರನೇ ತಂತಿ ಖಾಲಿ, ಎರಡನೇ ಫ್ರೆಟ್, ನಾಲ್ಕನೇ ಫ್ರೆಟ್, ಆಮೇಲೆ ಐದನೇ ತಂತಿ ಖಾಲಿ. ಒಂದೊಂದೇ ಸ್ವರ ನುಡಿಸುತ್ತಾ ಬಾಯಲ್ಲಿ ಹೇಳಿ: ಸ, ರಿ, ಗ, ಮ. ಶಂಕರಾಭರಣದ್ದೇ ಸ್ವರಗಳು. ಆ ‘ಮ’ ಮೇಲೆ ನಿಂತು ಅದನ್ನೇ ‘ಸ’ ಅಂತ ಕರೆಯಿರಿ. ಎ ಶ್ರುತಿಗೆ ಬಂದಿರಿ. ಎರಡನೇ ಚರಣದಿಂದ ಮೂರನೇದಕ್ಕೆ ಹೋಗುವಾಗಲೂ ಬೆರಳು ಅದೇ, ತಂತಿ ಮಾತ್ರ ಒಂದು ಕೆಳಗೆ. ಐದನೇ ತಂತಿ ಖಾಲಿ, ಎರಡು, ನಾಲ್ಕು, ನಾಲ್ಕನೇ ತಂತಿ ಖಾಲಿ. ಮತ್ತೆ ‘ಮ’ವೇ ‘ಸ’. ಗಿಟಾರ್‌ನ ಈ ತಂತಿಗಳ ಮಧ್ಯೆ ಇರುವುದೇ ಮಧ್ಯಮದಷ್ಟು ಅಂತರ, ಅದಕ್ಕೇ ಇದು ಇಷ್ಟು ಸಲೀಸು.

ವಾಪಸ್ ಬರುವಾಗ ಇಳಿಯಿರಿ. ನಾಲ್ಕನೇ ತಂತಿ ಖಾಲಿ, ಐದನೇ ತಂತಿಯ ನಾಲ್ಕು, ಎರಡು, ಖಾಲಿ. ಇದು ಸ, ನಿ, ದ, ಪ. ಈ ಸಲ ‘ಪ’ ಹೊಸ ‘ಸ’ ಆಗುತ್ತದೆ. ಕೊನೆಯ ಚರಣಕ್ಕೆ ಹೋಗುವಾಗ ಅದನ್ನೇ ಒಂದು ತಂತಿ ಮೇಲೆ ಮಾಡಿ. ರೆಕಾರ್ಡಿನಲ್ಲಿ ಲೂಥರ್ ನುಡಿಸುವುದು ಇಷ್ಟೇ ಅಲ್ಲ, ಆದರೆ ಒಬ್ಬರೇ ನುಡಿಸಿಕೊಂಡು ಹಾಡಲು ಇದು ಸಾಕು.

ಕ್ಯಾಶ್ ಪ್ರತಿ ಚರಣಕ್ಕೆ ಮುಂಚೆ ‘ಹೂಂ...’ ಅಂತ ಗುನುಗುತ್ತಾರಲ್ಲ, ಅದು ಅಲಂಕಾರಕ್ಕಲ್ಲ. ಹೊಸ ಶ್ರುತಿ ಹಿಡಿದುಕೊಳ್ಳಲು. ಶ್ರುತಿಪೆಟ್ಟಿಗೆ ಹತ್ತಿರ ಕೂತು ನೀವು ಮಾಡುತ್ತಿದ್ದದ್ದೂ ಅದೇ ಅಲ್ವಾ? ಹೊಸ ‘ಸ’ ಸಿಕ್ಕ ಮೇಲೆ ಗುನುಗಿ, ನಿಂತ ಮೇಲೆ ಪಂಚಮದ ಕಾರ್ಡ್ ಹೊಡೆದು ಹಾಡಿ. ಆತುರ ಬೇಡ, ಎಷ್ಟು ಹೊತ್ತು ಬೇಕಾದರೂ ಗುನುಗಬಹುದು.

ಬೆರಳಿಗೂ ಒಂದು ಸುಲಭ ದಾರಿ ಇದೆ. ಇ ಕಾರ್ಡ್‌ನಲ್ಲಿ ಉಂಗುರ ಬೆರಳು ಎತ್ತಿದರೆ ಅದೇ ಇ7.

ಕೇಳುಗ_ಕಾರ್ಕಳ:

ಸ-ರಿ-ಗ-ಮ ಲೆಕ್ಕ ಚೆನ್ನಾಗಿದೆ. ಈ ವಿಚಿತ್ರ ಕಾರ್ಡ್ ಓಟ ಹುಟ್ಟಿದ್ದು ಹೇಗೆ ಗೊತ್ತಾ? ಕ್ಯಾಶ್ ಅಮೆರಿಕದ ವಾಯುಪಡೆಯಲ್ಲಿ ಜರ್ಮನಿಯಲ್ಲಿದ್ದಾಗ ಅವರ ಹತ್ತಿರ ಟೇಪ್ ರೆಕಾರ್ಡರ್ ಇತ್ತು. ಗಿಟಾರ್ ನುಡಿಸಿದ ಟೇಪ್ ಒಮ್ಮೆ ಹಿಂದುಮುಂದಾಗಿ ಓಡಿತು. ಆ ಸದ್ದು ತಲೆಯಲ್ಲಿ ಉಳಿದಿತ್ತಂತೆ, ಅದೇ ಈ ಹಾಡಿಗೆ ದಾರಿಯಾಯಿತು.

ತಂತಿತರಲೆ:

ಮಧ್ಯಮ_ಪಂಚಮ ಅವರೇ, ಕೆಲಸ ಮಾಡಿತು! ಹಾಳೆ ಇಲ್ಲದೆ ಐದೂ ಚರಣ ಮುಗಿಸಿದೆ, ನಿಧಾನಕ್ಕೆ. ಆದರೆ ಕೊನೆಯ ಚರಣ ಅಷ್ಟು ಕೆಳಗೆ ನನ್ನ ಗಂಟಲಿಗೆ ಎಟುಕುತ್ತಿಲ್ಲ. ಬರೀ ಗಾಳಿ ಬರುತ್ತದೆ.

ಮಧ್ಯಮ_ಪಂಚಮ:

ಅದು ಮೊದಲ ಚರಣಕ್ಕಿಂತ ಪೂರ್ತಿ ಒಂದು ಸ್ಥಾಯಿ ಕೆಳಗಿದೆ. ಕ್ಯಾಶ್ ಕಂಠ ಎಲ್ಲರಿಗೂ ಇರುವುದಿಲ್ಲ. ಎರಡು ದಾರಿ ಇದೆ. ಕ್ಯಾಪೊ ಮೂರನೇ ಅಥವಾ ನಾಲ್ಕನೇ ಫ್ರೆಟ್‌ಗೆ ಏರಿಸಿ, ಆಗ ಕೆಳಗಿನ ಸ್ವರ ಸಿಗುತ್ತದೆ. ಆದರೆ ಉಳಿದ ಚರಣಗಳೂ ಅಷ್ಟೇ ಮೇಲೆ ಹೋಗುತ್ತವೆ, ಅದು ಕಷ್ಟವಾದರೆ ಕೊನೆಯ ಚರಣವನ್ನು ಮೊದಲನೇದರ ಸ್ಥಾಯಿಯಲ್ಲೇ ಹಾಡಿ. ನಾನು ಹಾಗೇ ಮಾಡುವುದು.

ಬಾಸ್‌ಭಟ್ಟ:

ಕ್ಯಾಪೊ ಸರಿಸಿದಾಗೆಲ್ಲ ಒಮ್ಮೆ ಟ್ಯೂನ್ ನೋಡಿಕೊಳ್ಳಿ, ದಪ್ಪ ತಂತಿ ಸ್ವಲ್ಪ ಏರಿರುತ್ತದೆ. ಟ್ಯೂನ್ ಮಾಡುವಾಗ ಕಾಗದ ತೆಗೆದಿಡಿ, ಇಲ್ಲದಿದ್ದರೆ ಟ್ಯೂನರ್‌ಗೆ ಸ್ವರ ಸಿಗುವುದಿಲ್ಲ.