ಕೋಸ್ಟರಿಕಾದ ರಾಷ್ಟ್ರೀಯ ಮಾರ್ಗಗಳು: ಲಿಮೋನ್ ಬಂದರಿಗೆ 32ನೇ ಮಾರ್ಗವೊಂದೇ ಗತಿಯೇ?

ಪ್ರಶ್ನೆ

ಕೋಸ್ಟರಿಕಾದ ವಿಸ್ತೀರ್ಣ ಸುಮಾರು 51,000 ಚದರ ಕಿ.ಮೀ. ಮಾತ್ರ. ಆದರೂ ಅಲ್ಲಿನ ರಾಷ್ಟ್ರೀಯ ಮಾರ್ಗಗಳ ಸಂಖ್ಯೆ 1ರಿಂದ ಹಿಡಿದು 900ರ ಆಚೆಗೂ ಹೋಗುತ್ತದೆ. ಇಷ್ಟೆಲ್ಲ ಮಾರ್ಗಗಳಿದ್ದರೂ ರಾಜಧಾನಿ ಸಾನ್ ಹೊಸೆಯಿಂದ ಕೆರಿಬಿಯನ್ ಕರಾವಳಿಯ ಲಿಮೋನ್‌ಗೆ ನೇರವಾಗಿ ಹೋಗುವ ಹೆದ್ದಾರಿ 32ನೇ ಮಾರ್ಗವೊಂದೇ, ಅದೂ ಗುಡ್ಡ ಕುಸಿದು ಆಗಾಗ ಮುಚ್ಚಿಹೋಗುತ್ತದೆ. ಈ ಸಂಖ್ಯೆಗಳನ್ನು ಯಾವ ಆಧಾರದ ಮೇಲೆ ಕೊಡುತ್ತಾರೆ? ದೇಶದ ಮುಖ್ಯ ಬಂದರು ಇಂಥದೊಂದು ದಾರಿಯನ್ನು ಇಷ್ಟೊಂದು ನೆಚ್ಚಿಕೊಳ್ಳುವಂತಾದದ್ದು ಹೇಗೆ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. 1ರಿಂದ 99ರವರೆಗಿನವು ಪ್ರಾಥಮಿಕ, 100ರಿಂದ ಮುಂದಿನವು ದ್ವಿತೀಯ, 300 ದಾಟಿದವು ತೃತೀಯ ದರ್ಜೆಯ ಮಾರ್ಗಗಳು. ಮೂರೂ ದರ್ಜೆಯವು ರಾಷ್ಟ್ರೀಯ ಜಾಲಕ್ಕೇ ಸೇರಿದ್ದು, ಅವುಗಳ ನಿರ್ವಹಣೆ 1998ರಲ್ಲಿ ಸ್ಥಾಪನೆಯಾದ ಕೋನಾವಿ ಎಂಬ ರಸ್ತೆ ಮಂಡಳಿಯ ಹೊಣೆ. ಇವುಗಳಿಗಿಂತ ಹಲವು ಪಟ್ಟು ಉದ್ದವಿರುವ ಸ್ಥಳೀಯ ರಸ್ತೆಗಳನ್ನು ಆಯಾ ಪುರಸಭೆಗಳು ನೋಡಿಕೊಳ್ಳುತ್ತವೆ. ಸಂಖ್ಯೆ ಚಿಕ್ಕದಾದಷ್ಟೂ ರಸ್ತೆ ಚೆನ್ನಾಗಿರುತ್ತದೆಂದು ಮಾತ್ರ ಭಾವಿಸಬಾರದು. ಮೊಂಟೆವೆರ್ಡೆಯ ಮೋಡ ಮುಸುಕಿದ ಕಾಡಿಗೆ ಏರುವ 606ನೇ ಮಾರ್ಗ ದರ್ಜೆಯಲ್ಲಿ ಕೊನೆಯದು, ಆದರೆ ಪ್ರವಾಸಿಗರ ಪಾಲಿಗೆ ಅದು ಬಹಳ ಮುಖ್ಯವಾದ ದಾರಿ.

ಉತ್ತರ 2

ಎರಡನೆಯ ಪ್ರಶ್ನೆಗೆ ಉತ್ತರ ರೈಲಿನ ಇತಿಹಾಸದಲ್ಲಿದೆ. ಸಾನ್ ಹೊಸೆ ಮತ್ತು ಲಿಮೋನ್ ನಡುವಿನ ರೈಲುಮಾರ್ಗ 1890ರಲ್ಲಿ ಪೂರ್ಣಗೊಂಡಿತು. ಮಲೆನಾಡಿನ ಕಾಫಿಯೂ ತಗ್ಗುಪ್ರದೇಶದ ಬಾಳೆಯೂ ಬಂದರು ತಲುಪುತ್ತಿದ್ದುದು ಅದರ ಮೂಲಕವೇ. ರಸ್ತೆಯಲ್ಲಿ ಹೋಗುವವರು ಕಾರ್ತಾಗೊ, ತುರಿಯಾಲ್ಬಾ, ಸಿಕಿರೆಸ್‌ಗಳ ಮೂಲಕ ಬಳಸಿಕೊಂಡು ಹೋಗಬೇಕಿತ್ತು. 1987ರಲ್ಲಿ 32ನೇ ಮಾರ್ಗ ತೆರೆದಾಗ ಆ ಸುತ್ತುದಾರಿಯ ಹೊರೆ ಇಳಿಯಿತು. ನಾಲ್ಕೇ ವರ್ಷದಲ್ಲಿ, 1991ರ ಏಪ್ರಿಲ್‌ನಲ್ಲಿ, ಲಿಮೋನ್ ಪ್ರಾಂತ್ಯದಲ್ಲಿ ಭಾರಿ ಭೂಕಂಪ ಸಂಭವಿಸಿ ರೈಲುಹಳಿಗಳೂ ಸೇತುವೆಗಳೂ ಹಾಳಾದವು. 1995ರಲ್ಲಿ ದೇಶದ ರೈಲು ಸಂಚಾರವನ್ನೇ ಬಹುಪಾಲು ನಿಲ್ಲಿಸಲಾಯಿತು. ಹೀಗೆ ರೈಲು ಹೊರುತ್ತಿದ್ದ ಸರಕೂ ಲಾರಿಗಳಿಗೆ ಬಂದು, 2019ರಲ್ಲಿ ಲಿಮೋನ್ ಪಕ್ಕದ ಮೊಯಿನ್‌ನಲ್ಲಿ ಹೊಸ ಕಂಟೇನರ್ ಟರ್ಮಿನಲ್ ಆರಂಭವಾದ ಮೇಲಂತೂ ಆ ರಸ್ತೆಯ ಮಹತ್ವ ಮತ್ತಷ್ಟು ಹೆಚ್ಚಿತು.

ಇನ್ನು ಕುಸಿತದ ಕಾರಣ. 32ನೇ ಮಾರ್ಗ ಬ್ರೌಲಿಯೋ ಕರಿಯೋ ರಾಷ್ಟ್ರೀಯ ಉದ್ಯಾನದ ನಡುವೆ ಹಾದುಹೋಗುತ್ತದೆ. ರಸ್ತೆ ಬಂದರೆ ಕಾಡು ಉಳಿಯುವುದಿಲ್ಲವೆಂಬ ಆತಂಕದಿಂದಲೇ 1978ರಲ್ಲಿ ಆ ಉದ್ಯಾನವನ್ನು ಘೋಷಿಸಲಾಗಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಅದು ಬಹಳ ದೂರದೃಷ್ಟಿಯ ನಿರ್ಧಾರ. ಸುರ್ಕಿ ಸುರಂಗ ದಾಟಿ ಇಳಿಯುತ್ತಾ ಹೋದರೆ ಒಂದು ಸೇತುವೆ ಬರುತ್ತದೆ. ಅಲ್ಲಿ ಇರಾಸು ಜ್ವಾಲಾಮುಖಿಯ ಕಡೆಯಿಂದ ಖನಿಜಗಳನ್ನು ಹೊತ್ತು ಹಳದಿಗಟ್ಟಿ ಹರಿಯುವ ಸೂಸಿಯೋ ನದಿಗೆ ಮತ್ತೊಂದು ಹೊಳೆಯ ತಿಳಿನೀರು ಬಂದು ಸೇರುವುದನ್ನು ಕಣ್ಣಾರೆ ನೋಡಬಹುದು. ಇಡೀ ಪ್ರದೇಶದ ನೆಲ ಜ್ವಾಲಾಮುಖಿಯಿಂದಲೇ ಆದದ್ದು; ಅಂಥ ಕಡಿದಾದ ಬೆಟ್ಟವನ್ನು ಕೊರೆದು ರಸ್ತೆ ಮಾಡಿದ್ದಾರೆ. ಕೆರಿಬಿಯನ್ ಕಡೆಯಿಂದ ಬರುವ ತೇವದ ಗಾಳಿ ಆ ಬೆಟ್ಟಕ್ಕೆ ಬಡಿದು ವರ್ಷದ ಬಹುಕಾಲ ಮಳೆ ಸುರಿಸುವುದರಿಂದ, ನೆನೆದ ಮಣ್ಣು ಮರಗಳ ಸಮೇತ ರಸ್ತೆಗೆ ಜಾರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಈ ಮಾರ್ಗವನ್ನು ನಾಲ್ಕು ಪಥಕ್ಕೆ ವಿಸ್ತರಿಸುತ್ತಿದ್ದಾರೆಂದು ಓದಿದ್ದೇನೆ. ಅದರಿಂದ ಕುಸಿತದ ಸಮಸ್ಯೆ ಪರಿಹಾರವಾಗುವುದೇ?

ಉತ್ತರ 3

ಇಲ್ಲ. ಚೀನಾದ ಸಾಲದ ನೆರವಿನಿಂದ ಕೈಗೆತ್ತಿಕೊಂಡ ಆ ಯೋಜನೆಯ ವ್ಯಾಪ್ತಿ ರಿಯೋ ಫ್ರಿಯೋ ಕೂಡುರಸ್ತೆಯಿಂದ ಲಿಮೋನ್‌ವರೆಗಿನ ಸುಮಾರು 107 ಕಿ.ಮೀ. ಮಾತ್ರ. ಅಂದರೆ ಬೆಟ್ಟ ಇಳಿದ ನಂತರದ ಬಯಲು ಭಾಗ. ಗುಡ್ಡ ಕುಸಿಯುವ ಉದ್ಯಾನದ ಭಾಗ ಅದರಲ್ಲಿ ಸೇರಿಲ್ಲ. ಬಯಲಿನ ರಸ್ತೆಯೂ ಅಗಲವಾಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಟ್ಟದಲ್ಲಿ ಮಣ್ಣು ಬಿದ್ದ ದಿನ ಕೆಳಗಿನ ನಾಲ್ಕು ಪಥಗಳಿಂದ ಲಾರಿಯವರಿಗೆ ಪ್ರಯೋಜನವಿಲ್ಲ. ಆಗ ಅವರು ತುರಿಯಾಲ್ಬಾ ಮೂಲಕ ಹೋಗುವ 10ನೇ ಮಾರ್ಗವನ್ನೋ ವಾರಾ ಬ್ಲಾಂಕಾ ಕಡೆಯ 126ನೇ ಮಾರ್ಗವನ್ನೋ ಹಿಡಿಯಬೇಕು. ಎರಡೂ ಕಿರಿದಾದ, ತಿರುವುಗಳೇ ತುಂಬಿದ ರಸ್ತೆಗಳು. ಆದ್ದರಿಂದ 32ನೇ ಮಾರ್ಗಕ್ಕೆ ಖರ್ಚು ಮಾಡುವಷ್ಟೇ ಆಸ್ಥೆಯಿಂದ ಈ ಬದಲಿ ದಾರಿಗಳನ್ನು ಭಾರದ ವಾಹನಗಳಿಗೆ ತಕ್ಕಂತೆ ಬಲಪಡಿಸಬೇಕೆಂಬುದು ನನ್ನ ಅಭಿಪ್ರಾಯ.

ಹಣದ ಮೂಲವನ್ನೂ ಹೇಳಿಬಿಡುತ್ತೇನೆ. ಇಂಧನದ ಮೇಲಿನ ತೆರಿಗೆಯ ಒಂದು ಪಾಲನ್ನು ರಸ್ತೆಗಳಿಗೇ ಮೀಸಲಿಡುವ ಕಾನೂನು 2001ರಲ್ಲಿ ಬಂದಿದೆ. ಕೋನಾವಿಗೂ ಪುರಸಭೆಗಳಿಗೂ ಅದು ಹಂಚಿಕೆಯಾಗುತ್ತದೆ. ಅದೇ ಕಾನೂನಿನಡಿ ಕೋಸ್ಟರಿಕಾ ವಿಶ್ವವಿದ್ಯಾಲಯದ ಲನಾಮೆ ಪ್ರಯೋಗಾಲಯ ರಾಷ್ಟ್ರೀಯ ರಸ್ತೆಗಳ ಸ್ಥಿತಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ವರದಿ ಪ್ರಕಟಿಸುತ್ತದೆ. 10 ಮತ್ತು 126ನೇ ಮಾರ್ಗಗಳು ಇಂದು ಯಾವ ಸ್ಥಿತಿಯಲ್ಲಿವೆಯೆಂದು ತಿಳಿಯಬೇಕಿದ್ದರೆ ತಾವು ಮೊದಲು ಆ ವರದಿಗಳನ್ನು ನೋಡುವುದು ಒಳ್ಳೆಯದು.